ತೊಟ್ಟಿಲಿಗಿಂತ ಮೊದಲು ಬಂದ ಯಂತ್ರ

ಒಬ್ಬ ಶಿಷ್ಯ ಗುರುವನ್ನು ಕೇಳಿದ: "ಗುರುಗಳೇ, ಧ್ಯಾನಕ್ಕೆ ಕೂತಾಗ ಬೇಡದ ಯೋಚನೆಗಳು ಏಳುತ್ತವಂತೆ. ಅವನ್ನು ತೆಗೆದುಹಾಕಲು ಯಾವ ಉಪಾಯ ಒಳ್ಳೆಯದು? ಉಸಿರು ಎಣಿಸುವುದೋ, ಜಪಮಾಲೆ ಹಿಡಿಯುವುದೋ, ದೀಪ ನೋಡುವುದೋ? ಆರು ತಿಂಗಳಿಂದ ಒಂದೊಂದರ ಗುಣದೋಷ ಬರೆದಿಡುತ್ತಿದ್ದೇನೆ. ಇನ್ನೂ ತೀರ್ಮಾನಕ್ಕೆ ಬರಲು ಆಗಿಲ್ಲ."

ಗುರು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. "ಅರ್ಧ ನೀನು ಬಿಡಿಸು," ಎಂದು ಮೊರವನ್ನು ಅವನತ್ತ ತಳ್ಳಿ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಅವನಿಗೆ ಅಂಗಡಿ ಇರಲಿಲ್ಲ, ಒಂದು ಟೆಂಪೊ ಇತ್ತು. ಅದರ ಹಿಂಭಾಗದಲ್ಲೇ ಉಳಿ, ಸುತ್ತಿಗೆ, ಮರ ಕೊಯ್ಯುವ ಮೆಷಿನ್ನು, ಕೆಲಸದ ಮೇಜು. ಕರೆದವರ ಮನೆಯ ಮುಂದೆ ಟೆಂಪೊ ನಿಲ್ಲಿಸುತ್ತಿದ್ದ. ಅಲ್ಲೇ ಜಗಲಿಯಲ್ಲಿ ಕೆಲಸ ಮುಗಿಸಿ, ಮರದ ಪುಡಿ ಗುಡಿಸಿ, ಕಾಫಿ ಕುಡಿದು ಹೋಗುತ್ತಿದ್ದ. ಕೈ ಚೆನ್ನಾಗಿತ್ತು. ಮಾತಿಗೆ ತಪ್ಪಿದವನಲ್ಲ.

ಆ ಊರಿನಲ್ಲಿ ಮಗು ಹುಟ್ಟುವ ಮೊದಲು ತೊಟ್ಟಿಲು ಮಾಡಿಸುವ ಹಾಗಿರಲಿಲ್ಲ. ಹುಟ್ಟಿದ ಮೇಲೆಯೇ ಬಡಗಿಗೆ ಹೇಳಿಕಳಿಸಬೇಕು. ಹನ್ನೆರಡನೆಯ ದಿನ ಮಗುವನ್ನು ಆ ತೊಟ್ಟಿಲಿಗೆ ಹಾಕಿ ಹೆಸರಿಡಬೇಕು. ಆ ದಿನಕ್ಕೆ ತೊಟ್ಟಿಲು ಕೊಡದ ಬಡಗಿಯನ್ನು ಆಮೇಲೆ ಯಾರೂ ಒಂದು ಮಣೆ ಮಾಡಲೂ ಕರೆಯುತ್ತಿರಲಿಲ್ಲ.

ಒಂದು ಮನೆಯಲ್ಲಿ ಹೆಣ್ಣುಮಗು ಹುಟ್ಟಿತು. ಅಜ್ಜಿ ಅಂದೇ ಬಡಗಿಯನ್ನು ಕರೆಸಿದಳು.

"ಹಲಸಿನ ಹಲಗೆ ಅಟ್ಟದ ಮೇಲಿದೆ, ಇಳಿಸ್ಕೋ. ಆದರೆ ಇದು ಬಾಣಂತಿ ಮನೆ ಕಣಪ್ಪ, ಕೂಸಿನ ಮೂಗಿಗೆ ಧೂಳು ಹೋಗಬಾರದು."

"ಒಂದು ಕಣ ಏಳೋದಿಲ್ಲಮ್ಮ," ಎಂದ ಬಡಗಿ. "ಹನ್ನೆರಡನೇ ದಿನ ತೊಟ್ಟಿಲು ತೂಗದಿದ್ದರೆ ಕೇಳಿ."

ಮೊದಲಾಗಿದ್ದರೆ ಜಗಲಿಗೆ ಒದ್ದೆ ಗೋಣಿ ಕಟ್ಟಿ ಕೆಲಸ ಶುರುಮಾಡುತ್ತಿದ್ದ. ಆದರೆ ಆಗಷ್ಟೇ ಪೇಟೆಗೆ ಧೂಳು ಹೀರುವ ಯಂತ್ರ ಬಂದಿತ್ತು. ಮರ ಕೊಯ್ಯುತ್ತಿದ್ದ ಹಾಗೆಯೇ ಅದು ಪುಡಿಯನ್ನೆಲ್ಲ ಕೊಳವೆಯಲ್ಲಿ ಎಳೆದು ಚೀಲಕ್ಕೆ ತುಂಬಿಕೊಳ್ಳುತ್ತಿತ್ತು. ಬಡಗಿ ಹಲಗೆಗಳನ್ನು ತನ್ನ ಮನೆಗೆ ತಂದು ಒರಗಿಸಿ ಪೇಟೆಗೆ ಹೋದ.

ಒಂದು ಯಂತ್ರ ಚಿಕ್ಕದಾಗಿತ್ತು, ಟೆಂಪೊದ ಮೂಲೆಯಲ್ಲಿ ಕೂರುತ್ತಿತ್ತು. ಆದರೆ ಚೀಲ ಬೇಗ ತುಂಬೀತು ಅನ್ನಿಸಿತು. ಇನ್ನೊಂದರ ಚೀಲ ದೊಡ್ಡದು. ಆದರೆ ಅದರ ಸದ್ದಿಗೆ ಅಂಗಡಿಯವನೇ ಕಿವಿ ಮುಚ್ಚಿಕೊಂಡ. ಧೂಳಿನಿಂದ ಕಾಪಾಡಿದ ಕೂಸನ್ನು ಸದ್ದಿನಿಂದ ಎಬ್ಬಿಸಿದರೆ ಅಜ್ಜಿ ಸುಮ್ಮನಿರುತ್ತಾಳೆಯೇ? ಸದ್ದಿಲ್ಲದ ಯಂತ್ರವೂ ಒಂದಿತ್ತು. ಅದನ್ನು ಎತ್ತಲು ಇಬ್ಬರು ಬೇಕಿತ್ತು. ಬಡಗಿ ಮನೆಗೆ ಬಂದು ಟೆಂಪೊ ಅಳೆದ. ಮರುದಿನ ಯಂತ್ರ ಅಳೆದು ಬಂದ. ಅದರ ಮರುದಿನ, ಅಳತೆ ಬರೆದ ಚೀಟಿ ಎಲ್ಲಿಟ್ಟೆನೆಂದು ಹುಡುಕಿದ.

ಹೀಗೆ ಆರು ದಿನ ಕಳೆಯಿತು. ಏಳನೆಯ ದಿನ ಅವನ ಹೆಂಡತಿ ಹೇಳಿದಳು: "ಅಲ್ಲ ರೀ, ನಿಮ್ಮ ಅಂಗಡಿಗೆ ನಾಲ್ಕು ಗಾಲಿ ಇದೆ. ಕೆರೆ ಏರಿ ಮೇಲೆ ಕರೆಂಟಿರೋ ಪಂಪ್‌ಮನೆ ಹತ್ತಿರ ನಿಲ್ಲಿಸಿ ಹಲಗೆ ಕೊಯ್ಕೊಂಡು ಬನ್ನಿ. ಧೂಳು ಗಾಳಿಗೆ ಹೋಗುತ್ತೆ. ಅವರ ಮನೆಯಲ್ಲಿ ಬರೀ ಜೋಡಿಸಿದರೆ ಆಯ್ತು."

"ನಿನಗೆ ಯಂತ್ರದ ವಿಷಯ ಗೊತ್ತಾಗೋದಿಲ್ಲ, ಸುಮ್ಮನಿರು."

"ಗೊತ್ತಾಗೋದಿಲ್ಲ, ಸರಿ. ಕೂಸು ತೊಟ್ಟಿಲಿಗೆ ಹಿಡಿಸದಷ್ಟು ದೊಡ್ಡದಾದ ಮೇಲೆ ಮಂಚಾನೇ ಮಾಡಿಕೊಡಿ."

ಇಲ್ಲಿ ಶಿಷ್ಯ ಜೋರಾಗಿ ನಕ್ಕ. "ಎಂಥ ದಡ್ಡ ಗುರುಗಳೇ!" ಎಂದ. ಗುರು ನಗಲಿಲ್ಲ. ಮುಂದುವರಿಸಿದರು.

ಹತ್ತನೆಯ ದಿನ ಬಡಗಿ ಸದ್ದಿಲ್ಲದ ದೊಡ್ಡ ಯಂತ್ರವನ್ನೇ ಕೊಂಡ. ಅದು ಟೆಂಪೊದಲ್ಲಿ ಹಿಡಿಯಲಿಲ್ಲ. ಹನ್ನೊಂದನೆಯ ದಿನ ಮೇಜು ಇಳಿಸಿದ. ಆಗಲೂ ಹಿಡಿಯಲಿಲ್ಲ. ಮರ ಕೊಯ್ಯುವ ಮೆಷಿನ್ನನ್ನೂ ಇಳಿಸಿದ. ಈಗ ಹಿಡಿಯಿತು. ಮಿಕ್ಕದ್ದನ್ನೆಲ್ಲ ಎರಡನೆಯ ಟ್ರಿಪ್ಪಿನಲ್ಲಿ ತಂದರಾಯಿತು ಅಂದುಕೊಂಡ.

ಹನ್ನೆರಡನೆಯ ದಿನ ಬೆಳಿಗ್ಗೆ ಅಜ್ಜಿಯ ಮನೆ ತುಂಬ ನೆಂಟರು. ನಡುಮನೆಯಲ್ಲಿ ತಟ್ಟೆಯ ಮೇಲೆ ಅಕ್ಕಿ ಹರಡಿತ್ತು. ಮಗುವಿನ ಅಪ್ಪ ಚಿನ್ನದ ಉಂಗುರದಿಂದ ಆ ಅಕ್ಕಿಯ ಮೇಲೆ ಹೆಸರು ಬರೆದು, ಉಂಗುರವನ್ನು ಅಲ್ಲೇ ಇಟ್ಟು, ಎಲ್ಲರೂ ಬಂದು ನೋಡಲೆಂದು ಕಾಯುತ್ತಿದ್ದ. ಬಡಗಿ ಇಬ್ಬರು ಆಳುಗಳ ಕೈಯಲ್ಲಿ ಯಂತ್ರ ಹೊರಿಸಿಕೊಂಡು ಒಳಗೆ ಬಂದ.

"ತೊಟ್ಟಿಲೆಲ್ಲೋ?" ಎಂದಳು ಅಜ್ಜಿ.

"ಈಗ ಮಾಡ್ತೀನಮ್ಮ. ಮೊದಲು ಇದನ್ನು ನೋಡಿ, ಧೂಳಿನ ಮಾತೇ ಇಲ್ಲ."

ಪ್ಲಗ್ ಹಾಕಿದ. ಯಂತ್ರ ಸದ್ದಿಲ್ಲದೆ ಶುರುವಾಯಿತು. ತೋರಿಸೋಣವೆಂದರೆ ಹೀರಲು ಏನೂ ಇರಲಿಲ್ಲ. ನಾಮಕರಣದ ಮನೆ, ಮೂರು ಸಲ ಒರೆಸಿದ್ದರು. ಬಡಗಿ ಕೊಳವೆ ಹಿಡಿದು ಬಾಗಿಲ ಸಂದಿ ನೋಡಿದ, ಕಂಬದ ಬುಡ ನೋಡಿದ. "ಎಲ್ಲೋ ಒಂದು ಚೂರಾದರೂ ಇರಬೇಕು," ಎನ್ನುತ್ತ ನೆಲದ ಮೇಲೆಯೇ ಕಣ್ಣಿಟ್ಟು ಮುಂದೆ ಮುಂದೆ ಹೋದ. ಕೊಳವೆಯ ಬಾಯಿ ತಟ್ಟೆಯ ಮೇಲೆ ಹಾಯಿತು.

ಸರ್ರೆಂದಿತು. ಅಕ್ಕಿ ಹೋಯಿತು, ಉಂಗುರ ಹೋಯಿತು. ತಟ್ಟೆ ಬೆಳಗಿಟ್ಟ ಹಾಗೆ ಹೊಳೆಯಿತು.

"ಅಯ್ಯಯ್ಯೋ, ನನ್ನ ಮೊಮ್ಮಗಳ ಹೆಸರು ನುಂಗಿತಲ್ಲೋ!" ಎಂದು ಅಜ್ಜಿ ಕೂಗಿದಳು.

ಮಗುವಿನ ಅಪ್ಪ ಪ್ಲಗ್ ಕಿತ್ತ. ಸೋದರಮಾವ ಚೀಲ ಬಿಚ್ಚಿದ. ಒಂದು ಪಂಚೆಯ ಮೇಲೆ ಸುರಿದರು. ಎರಡು ಹಿಡಿ ಅಕ್ಕಿ ಬಿತ್ತು. ಉಂಗುರ ಬಿತ್ತು. ಯಾರದೋ ಜಡೆಯಿಂದ ಉದುರಿದ್ದ ಒಂದು ಕನಕಾಂಬರ ಬಿತ್ತು. ಅಜ್ಜಿ ಚೀಲವನ್ನು ತಿರುವಿ ಹಾಕಿ ಕೊಡವಿದಳು. ಮತ್ತೇನೂ ಬೀಳಲಿಲ್ಲ.

"ಮರದ ಪುಡಿ ಎಲ್ಲಯ್ಯಾ?"

"ಮರ ಇನ್ನೂ ಕೊಯ್ದಿಲ್ಲಮ್ಮ."

"ಹಾಗಾದರೆ ಹನ್ನೊಂದು ದಿನ ಯಾವ ಧೂಳಿಗೆ ಹೆದರಿಕೊಂಡು ಓಡಾಡಿದೆ?"

ಬಡಗಿ ಬರಿದಾದ ಚೀಲವನ್ನು ಮತ್ತೆ ಯಂತ್ರಕ್ಕೆ ಸಿಕ್ಕಿಸತೊಡಗಿದ. ಹೆಂಗಸರು ತೊಲೆಗೆ ಒಂದು ಹಳೆಯ ಸೀರೆ ಕಟ್ಟಿ, ಅದರಲ್ಲಿ ಕೂಸನ್ನು ಮಲಗಿಸಿ, ಹಾಡು ಹೇಳಿ ಹೆಸರಿಟ್ಟರು. ಕೂಸು ನಿದ್ದೆ ಮಾಡಿತು. ಆಮೇಲೆ ಊರಿನವರು ಬಡಗಿಯನ್ನು ಕರೆಯಲೇ ಇಲ್ಲ ಎನ್ನುವ ಹಾಗಿಲ್ಲ. ಮದುವೆ ಮುಗಿದ ಮನೆಗಳಿಗೆ ಕರೆಯುತ್ತಿದ್ದರು, ಗುಡಿಸುವುದಕ್ಕೆ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಇನ್ನೂ ನಗುತ್ತಿದ್ದ. ಕಣ್ಣೊರೆಸಿಕೊಂಡು, "ಈಗ ನನ್ನ ಪ್ರಶ್ನೆಗೆ ಉತ್ತರ ಹೇಳಿ ಗುರುಗಳೇ, ಯಾವ ಉಪಾಯ ಒಳ್ಳೆಯದು?" ಎಂದ.

ಗುರು ಕೇಳಿದರು: "ಈ ಆರು ತಿಂಗಳಲ್ಲಿ ನೀನು ಧ್ಯಾನಕ್ಕೆ ಕೂತಾಗ ಎದ್ದ ಬೇಡದ ಯೋಚನೆ ಒಂದೇ ಒಂದು ಹೇಳು, ಸಾಕು."

"ಇನ್ನೂ ಕೂತಿಲ್ಲ ಗುರುಗಳೇ," ಎಂದ ಶಿಷ್ಯ, "ಉಪಾಯ ತೀರ್ಮಾನವಾದ ಮೇಲೆ ಕೂರೋಣ ಅಂತಿದ್ದೆ."