ಮೆರವಣಿಗೆಗೆ ಬಾರದವರು

ಸ್ಕಾಟ್ಲೆಂಡಿನ ಒಂದು ದ್ವೀಪದಲ್ಲಿ ಕ್ರೀಡಾಕೂಟದ ದಿನವೇ ಕುಲದ ಸಮಾವೇಶವಿತ್ತು. ಕುಲವೆಂದರೆ ಒಂದೇ ಹೆಸರಿನ ಬಂಧುಬಳಗ, ಅದಕ್ಕೊಬ್ಬ ದೊರೆ. ಕುರಿ ಮೇಯಿಸಲು ಜಾಗ ಬೇಕೆಂದು ಈ ದೊರೆಯ ಮುತ್ತಾತ ಜನರನ್ನೆಲ್ಲ ಹಡಗು ಹತ್ತಿಸಿ ಓಡಿಸಿದ್ದ. ಅವರ ಮೊಮ್ಮಕ್ಕಳು ಈಗ ಕೆನಡಾದಿಂದ ಬಂದಿದ್ದರು.

“ದ್ವೀಪ ಬಿಟ್ಟುಹೋದವರ ಪೈಕಿಯವರು ಬೇಲಿಯಾಚೆ ನಿಲ್ಲಲಿ. ಬಿಡದವರಷ್ಟೇ ಮೆರವಣಿಗೆಯಲ್ಲಿ ನನ್ನ ಹಿಂದೆ ನಡೆಯಲಿ,” ಎಂದು ದೊರೆ ಗುಮಾಸ್ತನಿಗೆ ಅಪ್ಪಣೆ ಮಾಡಿದ.

ಕೆನಡಾದಿಂದ ಬಂದ ತೊಂಬತ್ತರ ಎಫಿ ಅಜ್ಜಿ ಅತ್ತಳು. “ಅಜ್ಜನ ಊರಲ್ಲಿ ಒಮ್ಮೆ ನಡೆಯೋಣ ಅಂತ ಬಂದೆನಪ್ಪಾ.”

“ಬೇಲಿ ಹತ್ತಿರವೇ ಇರಿ, ಅಜ್ಜಿ,” ಎಂದ ಗುಮಾಸ್ತ.

ಬ್ಯಾಗ್‌ಪೈಪ್ ಮೊಳಗಿತು. ದೊರೆ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ.

“ಎಲ್ಲಯ್ಯಾ ನನ್ನ ಜನ?”

“ಬಿಟ್ಟುಹೋಗದವರು ಚರ್ಚಿನ ಸ್ಮಶಾನದಲ್ಲಿದ್ದಾರೆ, ಸ್ವಾಮಿ. ಬೆಳಗ್ಗೆಯೇ ಗೋರಿ ಗೋರಿಗೂ ನಿಮ್ಮ ಅಪ್ಪಣೆ ಓದಿ ಹೇಳಿದೆ. ಯಾರೂ ಏಳಲಿಲ್ಲ.”

ದೊರೆ ಟೊಪ್ಪಿಗೆ ತೆಗೆದ. ತಾನೇ ಹೋಗಿ ಬೇಲಿಯ ಗೇಟು ತೆರೆದ. ಅಂದು ಬ್ಯಾಗ್‌ಪೈಪಿನವನು ಎಫಿ ಅಜ್ಜಿಯ ಊರುಗೋಲಿಗೆ ಹೆಜ್ಜೆ ಹೊಂದಿಸಿಕೊಂಡು ಬಹಳ ನಿಧಾನವಾಗಿ ನಡೆದ.