ಶಾಯಿ ಕಾಣದ ಮುಂಗುಸಿ

ಇದು ನಡೆದದ್ದು ಕಳೆದ ಆಗಸ್ಟ್‌ನ ಒಂದು ಭಾನುವಾರ ಮಧ್ಯಾಹ್ನ. ಯುವತಿಯೊಬ್ಬಳು ತಾನೇ ಬರೆದು ತಾನೇ ಅಚ್ಚು ಹಾಕಿಸಲಿದ್ದ ಕಾಮಿಕ್ಸ್ ಪುಸ್ತಕ ಮೇಜಿನ ಮೇಲಿತ್ತು. ಪೆನ್ಸಿಲ್ ಗೆರೆಗಳ ಮೇಲೆ ಇನ್ನೂ ಶಾಯಿ ಬಿದ್ದಿರಲಿಲ್ಲ. ಪಕ್ಕದಲ್ಲೇ ಒಂದು ರಬ್ಬರ್ ಇತ್ತು.

ಮೊದಲ ಪುಟದ ಮುಂಗುಸಿ, “ರಬ್ಬರಣ್ಣ, ನಾನು ಹೇಗಿದ್ದೇನೆ? ಮುಚ್ಚುಮರೆಯಿಲ್ಲದೆ ಹೇಳು,” ಎಂದಿತು.

“ಬಾಲ ಸೊಟ್ಟ,” ಎಂದು ರಬ್ಬರ್ ಬಾಲವನ್ನು ಉಜ್ಜಿತು. “ಕಾಲೂ ಅಷ್ಟೇ.” ಕಾಲುಗಳು ಹೋದವು.

ಮುಂಗುಸಿ ಹೆದರಿತು. “ನೀನು ಎಂದಾದರೂ ಒಂದು ಗೆರೆ ಎಳೆದಿದ್ದೀಯಾ?”

“ಅದು ನನ್ನ ಕೆಲಸವಲ್ಲ. ನಿನ್ನ ಬಾಯಿ ತುಂಬಾ ದೊಡ್ಡದು.”

ಬಾಯಿಯೂ ಹೋಯಿತು. ಆದರೂ ಮಾತಿನ ಗುಳ್ಳೆಯಲ್ಲಿ ಅಕ್ಷರಗಳು ತಾವಾಗಿಯೇ ಮೂಡಿದವು: “ಸಾಕು, ನಿಲ್ಲಿಸು.”

“ಅಕ್ಷರ ಅಂಕುಡೊಂಕು,” ಎಂದು ರಬ್ಬರ್ ಅದನ್ನೂ ಅಳಿಸಿತು. ಆಮೇಲೆ ಪುಡಿ ಕೊಡವಿ ಪುಟ ತಿರುವಿತು. ಅಲ್ಲಿಯ ಮುಂಗುಸಿ ಉಸಿರು ಬಿಗಿಹಿಡಿದು ನಿಂತಿತ್ತು.

ಪುಸ್ತಕದಲ್ಲಿ ಇನ್ನೂ ಹದಿನೈದು ಪುಟಗಳಿದ್ದವು.