ಬಿಡು ಅಂದರೆ

ಹೊಳೆದಂಡೆಯ ಮಠಕ್ಕೆ ಬಂದ ದಿನವೇ ಮರುಳಯ್ಯ ಅಲ್ಲಿನ ಅಜ್ಜನವರ ಕಾಲಿಗೆ ಬಿದ್ದು ಕೇಳಿದ್ದ: "ಅಜ್ಜಾರ, ಮುಕ್ತಿ ಸಿಗಬೇಕಂದ್ರ ಏನ್ ಮಾಡಬೇಕ್ರಿ?"

ಅಜ್ಜನವರದು ಮಾತು ಕಡಿಮೆ. "ಬಿಡು" ಅಂದರು, ಅಷ್ಟೇ.

ಮರುಳಯ್ಯ ಹಟವಾದಿ. ಬಿಡುವುದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಊರು ಬಿಟ್ಟ, ಉಪ್ಪು ಬಿಟ್ಟ, ಕ್ಷೌರ ಬಿಟ್ಟ, ಗಡ್ಡ ಬಿಟ್ಟ. ಕ್ಷೌರ ಬಿಡುವುದೇ ಬೇರೆ, ಗಡ್ಡ ಬಿಡುವುದೇ ಬೇರೆ ಎಂಬುದು ಮಾತ್ರ ಆ ಜಾಣನ ತಲೆಗೆ ಹೋಗಲಿಲ್ಲ.

ವರ್ಷಗಳು ಕಳೆದವು. ಒಂದು ಸಂಜೆ ಅವನ ತಾಯಿ ನೀಲವ್ವ ಮಗನನ್ನು ಹುಡುಕಿಕೊಂಡು ಬಂದಳು. ಆಕೆಯ ಕಣ್ಣು ಮಂಜಾಗಿತ್ತು.

"ಕಣ್ಣು ಪೂರಾ ಹೋಗೂದ್ರೊಳಗ ನಿನ್ನ ಮಾರಿ ಒಮ್ಮೆ ನೋಡ್ತೀನಪ್ಪಾ" ಎಂದು ಬಾಗಿಲಾಚೆಯಿಂದ ಕೂಗಿದಳು.

ಮರುಳಯ್ಯ ಒಳಗಿನಿಂದ ಅಗುಳಿ ಹಾಕಿದ. ನೆಟ್ಟಗೆ ಅಜ್ಜನವರ ಮುಂದೆ ಹೋಗಿ ನಿಂತ.

"ಇವತ್ತ ಅವ್ವನ್ನೂ ಬಿಟ್ಟೆ, ಅಜ್ಜಾರ."

"ಹಂಗಾರ ಮೈ ಹಗುರ ಆಗಿರಬೇಕಲ್ಲ?"

"ಇಲ್ರಿ." ಅವನು ತಲೆ ತಗ್ಗಿಸಿದ. "ಎದಿ ಭಾರ ಆಗೇತ್ರಿ."

ಅಜ್ಜನವರು ಎದ್ದು ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಬೇಲಿಯ ಮೇಲೆ ಮಲ್ಲಿಗೆ ಬಳ್ಳಿ ಹಬ್ಬಿತ್ತು.

"ಈ ಬಳ್ಳಿ ಏನ್ ಮಾಡೇತಿ?"

"ಹೂ ಬಿಟ್ಟೇತ್ರಿ."

"ಬ್ಯಾಸರಾಗಿ ಬಿಟ್ಟೇತೇನು?"

ಮರುಳಯ್ಯ ಒಂದು ಹೂವನ್ನು ಮುಟ್ಟಿ ನೋಡಿದ.

ಕೊಟ್ಟಿಗೆಯಲ್ಲಿ ಕರುವೊಂದು ಹಗ್ಗ ಜಗ್ಗುತ್ತಿತ್ತು. ಆಚೆ ಗೂಟದ ಹಸು ಅಂಬಾ ಎಂದು ಒಂದೇ ಸಮನೆ ಕೂಗುತ್ತಿತ್ತು. ಅಜ್ಜನವರು ಕರುವಿನತ್ತ ಕೈ ತೋರಿಸಿದರು.

"ಬಿಡು."

ಮೊದಲ ದಿನದ್ದೇ ಮಾತು, ಅದೇ ದನಿ. ಮರುಳಯ್ಯ ಕಣ್ಣಿ ಬಿಚ್ಚಿದ. ಕರು ಓಡಿಹೋಗಿ ಕೆಚ್ಚಲಿಗೆ ಬಾಯಿ ಹಾಕಿತು. ಹಸು ಅದರ ಬೆನ್ನು ನೆಕ್ಕುತ್ತಾ ಹಾಲು ಬಿಟ್ಟಿತು.

ಮರುಳಯ್ಯನ ಮೈ ಜುಮ್ಮೆಂದಿತು. ಇಷ್ಟು ವರ್ಷ ಅವನು ಕುಡುಗೋಲಿನ ಹಾಗೆ ಬೀಸಿದ್ದ ಮಾತು ಅದು. ಅದೇ ಮಾತಿನಲ್ಲಿ ಬಳ್ಳಿ ಅರಳಿತ್ತು, ಕರು ತಾಯಿಯನ್ನು ಸೇರಿತ್ತು. ಎರಡಕ್ಷರದೊಳಗೆ ಇಷ್ಟೆಲ್ಲ ಇತ್ತೇ! ಅವನು ಬೆರಗಾಗಿ ನಿಂತ. ಹಿತ್ತಲು, ಹೊಳೆ, ಹೊಳೆಯಾಚೆಯ ಆಕಾಶ ಎಲ್ಲವೂ ಈಗಷ್ಟೇ ಹುಟ್ಟಿದಂತೆ ಕಂಡವು. ಕಣ್ಣಲ್ಲಿ ನೀರು ತುಂಬಿತು, ಅವನು ಒರೆಸಿಕೊಳ್ಳಲಿಲ್ಲ.

ಬಾಗಿಲಾಚೆಯಿಂದ ನೀಲವ್ವನ ಕೆಮ್ಮು ಕೇಳಿಸಿತು.

"ಅಜ್ಜಾರ, ಅವ್ವ ಇನ್ನೂ ಹೊರಗ ಕುಂತಾಳ್ರಿ." ಅವನು ಬಾಗಿಲ ಕಡೆ ತಿರುಗಿದ. "ಈಗ ನಾ ಏನ್ ಮಾಡ್ಲಿ?"

ಅಜ್ಜನವರು ಅವನ ಹೆಗಲ ಮೇಲೆ ಕೈಯಿಟ್ಟರು.

"ಒಳಗ ಬಿಡು."